ಬೆಳಕನ್ನು ಹಿಡಿದವರು: ಚಲಚ್ಚಿತ್ರ ಛಾಯಾಗ್ರಹಣದ ವಿಜ್ಞಾನ

ಚಲಚ್ಚಿತ್ರವೆಂಬುದು ವಸ್ತುತಃ ಚಲಿಸುವ ಚಿತ್ರವಲ್ಲ. ಸೆಕೆಂಡಿಗೆ ೨೪ರಂತೆ ನಮ್ಮ ಕಣ್ಣೆದುರಿನಲ್ಲಿ ಹಾದುಹೋಗುವ ನಿಶ್ಚಲ ಚಿತ್ರಗಳ ಸಾಲು ಅದು. ಎರಡು ಗಂಟೆಯ ಕಥೆಯೊಂದರಲ್ಲಿ ಇಂಥ ಚಿತ್ರಗಳು ೧,೭೨,೮೦೦ ಇರುತ್ತವೆ. ಒಂದೊಂದು ಚಿತ್ರದ ಮೇಲೂ ಬೆಳಕು ಬೀಳುವ ಅವಧಿ ಸಾಮಾನ್ಯವಾಗಿ ಸೆಕೆಂಡಿನ ೪೮ನೆಯ ಒಂದು ಭಾಗ ಮಾತ್ರ. ಇಷ್ಟು ಅಲ್ಪ ಕಾಲದಲ್ಲಿ ಫಿಲ್ಮಿನ ಮೇಲೆ ಬಿದ್ದ ಬೆಳಕೇ ಮುಂದೆ ಲಕ್ಷಾಂತರ ಜನರನ್ನು ನಗಿಸುತ್ತದೆ, ಅಳಿಸುತ್ತದೆ, ಬೆರಗುಗೊಳಿಸುತ್ತದೆ.

ಕಥೆ ಮರೆತುಹೋದ ಮೇಲೂ ಕೆಲವು ಚಿತ್ರಗಳ ದೃಶ್ಯಗಳು ಮನಸ್ಸಿನಲ್ಲಿ ಅಚ್ಚೊತ್ತಿದಂತೆ ಉಳಿಯುತ್ತವೆ. ಇದಕ್ಕೆ ಕಾರಣವೇನು? ಸುಂದರವಾದ ಸ್ಥಳವನ್ನು ಆರಿಸಿ, ಬೆಲೆಬಾಳುವ ಕ್ಯಾಮರಾವನ್ನು ಅದರ ಮುಂದೆ ನಿಲ್ಲಿಸಿದರೆ ಸುಂದರವಾದ ಚಿತ್ರ ತಾನಾಗಿಯೇ ದೊರೆಯುವುದೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಶ್ರೇಷ್ಠ ಛಾಯಾಗ್ರಾಹಕರ ಕೆಲಸವನ್ನು ಪರಿಶೀಲಿಸಿದರೆ ಅವರ ಯಶಸ್ಸಿನ ಬುಡದಲ್ಲಿ ಬೆಳಕಿನ ನಿಯಮಗಳ ಸ್ಪಷ್ಟ ತಿಳಿವಳಿಕೆ ಇರುವುದು ಕಂಡುಬರುತ್ತದೆ. ಆ ನಿಯಮಗಳು ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿ ಇರುವಂಥವೇ ಹೊರತು ಬೇರೆಯವಲ್ಲ. ಹೆಸರಾಂತ ಆರು ಚಿತ್ರಗಳನ್ನು ತೆಗೆದುಕೊಂಡು ಈ ಮಾತನ್ನು ಪರೀಕ್ಷಿಸೋಣ.

ರಂಧ್ರದ ಹಿರಿದು ಕಿರಿದು

ಕ್ಯಾಮರಾದ ಮಸೂರದ ಒಳಗೆ ಹಿಗ್ಗಿಸಲೂ ಕುಗ್ಗಿಸಲೂ ಬರುವ ಒಂದು ದ್ಯುತಿರಂಧ್ರವಿದೆ. ಮಸೂರದ ನಾಭಿದೂರವನ್ನು ಈ ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎಫ್ ಸಂಖ್ಯೆ ಎಂದು ಹೆಸರು. ರಂಧ್ರ ಕಿರಿದಾದಷ್ಟೂ ಎಫ್ ಸಂಖ್ಯೆ ಹಿರಿದಾಗುತ್ತದೆ. ಒಳಬರುವ ಬೆಳಕು ರಂಧ್ರದ ವಿಸ್ತೀರ್ಣವನ್ನು, ಎಂದರೆ ವ್ಯಾಸದ ವರ್ಗವನ್ನು, ಅವಲಂಬಿಸಿರುವುದರಿಂದ ಎಫ್ ೨ರಿಂದ ಎಫ್ ೮ಕ್ಕೆ ಹೋದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕಲ್ಲ, ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ ರಂಧ್ರವನ್ನು ಕಿರಿದು ಮಾಡುವುದೇಕೆ? ರಂಧ್ರ ಕಿರಿದಾದಷ್ಟೂ ಹತ್ತಿರದ ವಸ್ತುವೂ ದೂರದ ವಸ್ತುವೂ ಒಟ್ಟಿಗೆ ಸ್ಫುಟವಾಗಿ ಕಾಣುತ್ತವೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಈ ಪುಟವನ್ನು ಅಕ್ಷರಗಳು ಮಸುಕಾಗುವಷ್ಟು ಕಣ್ಣಿನ ಹತ್ತಿರ ಹಿಡಿಯಿರಿ. ಅನಂತರ ಒಂದು ರಟ್ಟಿನಲ್ಲಿ ಸೂಜಿಯಿಂದ ಸಣ್ಣ ತೂತನ್ನು ಮಾಡಿ ಅದರ ಮೂಲಕ ನೋಡಿರಿ. ಅಕ್ಷರಗಳು ಮಂದವಾದರೂ ಸ್ಪಷ್ಟವಾಗಿ ಕಾಣುತ್ತವೆ. ಬೆಳಕನ್ನು ಕಳೆದುಕೊಂಡು ಸ್ಫುಟತೆಯನ್ನು ಗಳಿಸಿದಂತಾಯಿತು.

೧೯೪೧ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಸಿಟಿಜನ್ ಕೇನ್’ ಚಿತ್ರ ಈ ವಿನಿಮಯದ ಮೇಲೆಯೇ ನಿಂತಿದೆ. ಅದರ ಛಾಯಾಗ್ರಾಹಕ ಗ್ರೆಗ್ ಟೋಲೆಂಡ್. ಮನೆಯೊಳಗೆ ತಾಯಿ ಮಗನನ್ನು ಇತರರ ವಶಕ್ಕೆ ಒಪ್ಪಿಸುವ ಪತ್ರಕ್ಕೆ ಸಹಿ ಹಾಕುತ್ತಿದ್ದಾಳೆ. ನಡುವೆ ತಂದೆ ನಿಂತಿದ್ದಾನೆ. ಹಿಂದಿನ ಕಿಟಕಿಯ ಆಚೆ, ಬಹು ದೂರದಲ್ಲಿ, ತನ್ನ ಬಾಳು ನಿರ್ಧಾರವಾಗುತ್ತಿರುವುದನ್ನರಿಯದ ಬಾಲಕ ಹಿಮದಲ್ಲಿ ಆಡುತ್ತಿದ್ದಾನೆ. ಮೂವರೂ ಸಮಾನ ಸ್ಪಷ್ಟತೆಯಿಂದ ಕಾಣುತ್ತಾರೆ. ಬಾಲಕ ಮಸುಕಾಗಿದ್ದರೆ ಪ್ರೇಕ್ಷಕನು ಅವನನ್ನು ಮರೆಯುತ್ತಿದ್ದನು. ದೃಶ್ಯದ ಕ್ರೌರ್ಯವೂ ತಿಳಿಯುತ್ತಿರಲಿಲ್ಲ. ಟೋಲೆಂಡನು ಅಗಲ ಕೋನದ ಮಸೂರವನ್ನು ಬಳಸಿ, ರಂಧ್ರವನ್ನು ಎಫ್ ೮ ಮತ್ತು ಅದಕ್ಕೂ ಕಿರಿದಾಗಿಸಿ, ಕಳೆದುಕೊಂಡ ಬೆಳಕನ್ನು ಪ್ರಖರವಾದ ದೀಪಗಳಿಂದಲೂ ಆಗತಾನೆ ಬಳಕೆಗೆ ಬಂದಿದ್ದ ಹೆಚ್ಚು ಸಂವೇದನಶೀಲವಾದ ಫಿಲ್ಮಿನಿಂದಲೂ ತುಂಬಿಕೊಂಡನು.

ಆದರೂ ಪ್ರಕೃತಿ ನಿಯಮಕ್ಕೆ ಒಂದು ಮಿತಿಯಿದೆ. ಅದೇ ಚಿತ್ರದ ಇನ್ನೊಂದು ದೃಶ್ಯದಲ್ಲಿ ಕ್ಯಾಮರಾದ ಮುಂದೆಯೇ ಔಷಧದ ಲೋಟ, ನಡುವೆ ಹಾಸಿಗೆಯ ಮೇಲೆ ಮಲಗಿದ ಹೆಂಗಸು, ಹಿಂದೆ ಬಾಗಿಲು. ಇಷ್ಟು ಆಳವನ್ನು ಯಾವ ಮಸೂರವೂ ಒಮ್ಮೆಗೆ ಹಿಡಿಯಲಾರದು. ಆದುದರಿಂದ ಹಿನ್ನೆಲೆಯನ್ನು ಕತ್ತಲಾಗಿಸಿ ಲೋಟವನ್ನು ಮಾತ್ರ ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಲೋಟವನ್ನು ಕತ್ತಲಾಗಿಸಿ ಹಿನ್ನೆಲೆಯನ್ನು ಅದೇ ಫಿಲ್ಮಿನ ಮೇಲೆ ಎರಡನೆಯ ಸಲ ಚಿತ್ರಿಸಿದರು. ನಿಯಮವನ್ನು ಮೀರಲಾಗದಿದ್ದಲ್ಲಿ ಅದನ್ನು ಬಳಸಿಕೊಂಡು ಸುತ್ತಿಹೋದ ಜಾಣ್ಮೆ ಇದು.

ಮೇಣದ ಬತ್ತಿಯ ಬೆಳಕಿನಲ್ಲಿ

ಇದಕ್ಕೆ ನೇರ ವಿರುದ್ಧವಾದ ಉದಾಹರಣೆ ಸ್ಟಾನ್ಲಿ ಕ್ಯೂಬ್ರಿಕ್ ನಿರ್ದೇಶಿಸಿದ, ೧೯೭೫ರಲ್ಲಿ ತೆರೆಕಂಡ ‘ಬ್ಯಾರಿ ಲಿಂಡನ್’. ಕಥೆ ಹದಿನೆಂಟನೆಯ ಶತಮಾನದ್ದು. ಆ ಕಾಲದ ಮನೆಗಳಲ್ಲಿ ರಾತ್ರಿ ಉರಿಯುತ್ತಿದ್ದುದು ಮೇಣದ ಬತ್ತಿ. ಸಾಮಾನ್ಯವಾಗಿ ಚಿತ್ರಗಳಲ್ಲಿ ಮೇಣದ ಬತ್ತಿ ಕಾಣುತ್ತಿರುತ್ತದೆ. ಬೆಳಕು ಮಾತ್ರ ಮರೆಯಲ್ಲಿಟ್ಟ ವಿದ್ಯುದ್ದೀಪದಿಂದ ಬರುತ್ತಿರುತ್ತದೆ. ಕ್ಯೂಬ್ರಿಕ್ ಇದನ್ನು ಒಪ್ಪದೆ, ಬತ್ತಿಗಳ ಬೆಳಕಿನಿಂದಲೇ ಆ ದೃಶ್ಯಗಳು ಮೂಡಬೇಕೆಂದು ಬಯಸಿದನು.

ಇದಕ್ಕಾಗಿ ಜರ್ಮನಿಯ ಝೈಸ್ ಸಂಸ್ಥೆ ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾದ ಚಂದ್ರಯಾನ ಕಾರ್ಯಕ್ಕೆಂದು ತಯಾರಿಸಿದ್ದ ಮಸೂರವನ್ನು ಉಪಯೋಗಿಸಿದರು. ಅದರ ನಾಭಿದೂರ ೫೦ ಮಿಲಿಮೀಟರ್, ಎಫ್ ಸಂಖ್ಯೆ ೦.೭. ಭಾಗಾಕಾರ ಮಾಡಿ ನೋಡಿದರೆ ರಂಧ್ರದ ವ್ಯಾಸ ೭೧ ಮಿಲಿಮೀಟರಿನಷ್ಟಾಗುತ್ತದೆ, ನಾಭಿದೂರಕ್ಕಿಂತಲೂ ಹೆಚ್ಚು! ಎಫ್ ೧.೪ರ ಮಸೂರವನ್ನು ಚುರುಕಾದುದೆಂದು ಕರೆಯುವುದು ವಾಡಿಕೆ. ಇದು ಅದರ ನಾಲ್ಕರಷ್ಟು ಬೆಳಕನ್ನು ಒಳಗೊಳ್ಳುತ್ತದೆ. ಮಸೂರದ ಹಿಂಬದಿ ಫಿಲ್ಮಿಗೆ ತೀರ ಸಮೀಪದಲ್ಲಿರಬೇಕಾದುದರಿಂದ ಕ್ಯಾಮರಾದ ಭಾಗಗಳನ್ನೇ ಕೊರೆದು ಮಾರ್ಪಡಿಸಬೇಕಾಯಿತು.

ಬೆಳಕು ದೊರೆಯಿತು, ಸ್ಫುಟತೆಯ ಆಳ ಹೋಯಿತು. ಇಂಥ ಮಸೂರದಲ್ಲಿ ಎರಡು ಮೀಟರು ದೂರದ ಮುಖವನ್ನು ಚಿತ್ರಿಸುವಾಗ ಸ್ಪಷ್ಟವಾಗಿ ಕಾಣುವ ವಲಯದ ದಪ್ಪ ಲೆಕ್ಕದ ಪ್ರಕಾರ ಸುಮಾರು ಐದಾರು ಸೆಂಟಿಮೀಟರು ಮಾತ್ರ. ನಟನು ತಲೆಯನ್ನು ಸ್ವಲ್ಪ ಮುಂದೆ ಬಾಗಿಸಿದರೆ ಕಣ್ಣು ಮಸುಕಾಗುತ್ತದೆ. ಆದುದರಿಂದ ನಟರು ಬಹುಮಟ್ಟಿಗೆ ಅಲುಗಾಡದೆ ಕುಳಿತಿರಬೇಕಾಯಿತು. ವಿಚಿತ್ರವೇನೆಂದರೆ ಈ ನಿರ್ಬಂಧವೇ ಚಿತ್ರಕ್ಕೆ ಶೋಭೆ ತಂದಿತು. ಅಲುಗದೆ ಕುಳಿತ ಆ ಸ್ತ್ರೀಪುರುಷರು ಅದೇ ಶತಮಾನದ ತೈಲಚಿತ್ರಗಳಿಂದ ಇಳಿದುಬಂದವರಂತೆ ಕಾಣುತ್ತಾರೆ. ಛಾಯಾಗ್ರಾಹಕ ಜಾನ್ ಆಲ್ಕಾಟ್‌ಗೆ ಈ ಕೆಲಸಕ್ಕಾಗಿ ಆಸ್ಕರ್ ಪ್ರಶಸ್ತಿ ಬಂದಿತು.

ನೆರಳಿಲ್ಲದ ಅಂಗಳ

ಬೆಳಕಿನ ಪ್ರಮಾಣದಷ್ಟೇ ಮುಖ್ಯವಾದುದು ಬೆಳಕಿನ ಗುಣ. ಚಿಕ್ಕ ದೀಪದ ಮುಂದೆ ಕೈಯನ್ನು ಹಿಡಿದರೆ ಗೋಡೆಯ ಮೇಲೆ ಅಂಚು ಕತ್ತರಿಸಿದಂತಹ ನೆರಳು ಬೀಳುತ್ತದೆ. ಅದೇ ದೀಪವನ್ನು ಬಿಳಿಯ ಗೋಡೆಯ ಕಡೆಗೆ ತಿರುಗಿಸಿ, ಗೋಡೆಯಿಂದ ಮರಳಿಬಂದ ಬೆಳಕಿನಲ್ಲಿ ಕೈಯನ್ನು ಹಿಡಿದರೆ ನೆರಳು ಇಲ್ಲವೆನ್ನುವಷ್ಟು ಮೃದುವಾಗುತ್ತದೆ. ಕನ್ನಡಿ ಕಿರಣಗಳನ್ನು ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ. ಬಿಳಿಯ ಬಟ್ಟೆಯ ಅಥವಾ ಸುಣ್ಣದ ಗೋಡೆಯ ಒರಟು ಮೇಲ್ಮೈ ಅವನ್ನು ಎಲ್ಲ ದಿಕ್ಕುಗಳಿಗೂ ಚೆದರಿಸುತ್ತದೆ. ಆಗ ಇಡೀ ಗೋಡೆಯೇ ದೊಡ್ಡದೊಂದು ದೀಪವಾಗುತ್ತದೆ. ದೊಡ್ಡ ದೀಪದ ಒಂದು ಭಾಗವನ್ನು ಕೈ ಮರೆಮಾಡಿದರೂ ಉಳಿದ ಭಾಗಗಳು ಆ ನೆರಳನ್ನು ತುಂಬಿಬಿಡುತ್ತವೆ.

ಸತ್ಯಜಿತ್ ರಾಯ್ ನಿರ್ದೇಶಿಸಿದ ‘ಅಪರಾಜಿತೋ’ ೧೯೫೬ರಲ್ಲಿ ತೆರೆಕಂಡಿತು. ಅದರ ಛಾಯಾಗ್ರಾಹಕ ಸುಬ್ರತ ಮಿತ್ರ. ಇವರು ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣವನ್ನು ಕೈಗೊಂಡಾಗ ಇಪ್ಪತ್ತೊಂದರ ಆಸುಪಾಸಿನ ತರುಣ, ಅದಕ್ಕೆ ಮೊದಲು ಚಲಚ್ಚಿತ್ರದ ಕ್ಯಾಮರಾವನ್ನು ನಡೆಸಿದವರೇ ಅಲ್ಲ. ‘ಅಪರಾಜಿತೋ’ ಕಥೆಯ ಒಂದು ಭಾಗ ಕಾಶಿಯ ಹಳೆಯ ಮನೆಯಲ್ಲಿ ನಡೆಯುತ್ತದೆ. ಆ ಮನೆಯನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದರು. ನಾಲ್ಕು ಕಡೆ ಕೋಣೆ, ನಡುವೆ ತೆರೆದ ಅಂಗಳ. ಇಂಥ ಅಂಗಳಕ್ಕೆ ಬೆಳಕು ಬರುವುದು ಮೇಲಿನ ಆಕಾಶದ ತುಂಡಿನಿಂದ. ಅದಕ್ಕೆ ನೆರಳೇ ಇಲ್ಲ. ಸ್ಟುಡಿಯೋದ ದೀಪಗಳನ್ನು ನೇರವಾಗಿ ಬಿಟ್ಟರೆ ಪ್ರತಿಯೊಂದು ದೀಪವೂ ಒಂದೊಂದು ನೆರಳನ್ನು ಕೆಡವಿ, ಇದು ಕಟ್ಟಿದ ಮನೆಯೆಂಬ ಗುಟ್ಟನ್ನು ಬಯಲು ಮಾಡುತ್ತಿತ್ತು.

ಮಿತ್ರ ಅವರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಚಪ್ಪರದಂತೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದರ ಕಡೆಗೆ ತಿರುಗಿಸಿದರು. ಬಟ್ಟೆಯಿಂದ ಮರಳಿ ಬಿದ್ದ ಬೆಳಕು ಆಕಾಶದ ಬೆಳಕಿನಂತೆಯೇ ಇತ್ತು. ಹೆಚ್ಚು ಖರ್ಚಿಲ್ಲದ ಒಂದು ಬಟ್ಟೆ ಕಾಶಿಯ ಆಕಾಶವನ್ನು ಕಲ್ಕತ್ತೆಗೆ ತಂದಿತು. ಬಡತನದಲ್ಲಿ ತಂದೆಯನ್ನು ಕಳೆದುಕೊಳ್ಳುವ ಹುಡುಗನ ಕಥೆಗೆ ಇಂಥ ಸತ್ಯವಾದ ಬೆಳಕೇ ಬೇಕಾಗಿದ್ದಿತು. ೧೯೫೭ರಲ್ಲಿ ವೆನಿಸ್ ಚಲಚ್ಚಿತ್ರೋತ್ಸವದ ಪರಮ ಪ್ರಶಸ್ತಿಯಾದ ‘ಚಿನ್ನದ ಸಿಂಹ’ ಈ ಚಿತ್ರಕ್ಕೆ ದೊರೆಯಿತು. ಇಂದು ಜಗತ್ತಿನ ಎಲ್ಲ ಸ್ಟುಡಿಯೋಗಳಲ್ಲಿಯೂ ಬೆಳಕನ್ನು ಹೀಗೆ ಪುಟಿಸಿ ಬಳಸುವುದು ದಿನನಿತ್ಯದ ಪದ್ಧತಿ.

ಮೈಸೂರಿನವರೊಬ್ಬರ ಕನ್ನಡಿ

ಮೃದುವಾದ ಬೆಳಕೇ ಯಾವಾಗಲೂ ಶ್ರೇಷ್ಠವೆಂದಲ್ಲ. ಕತ್ತರಿಸಿದಂತೆ ಬೀಳುವ ಬೆಳಕಿಗೂ ತನ್ನದೇ ಭಾಷೆಯಿದೆ. ಇದಕ್ಕೆ ನಿದರ್ಶನ ಗುರುದತ್ ನಿರ್ದೇಶಿಸಿದ ‘ಕಾಗಜ್ ಕೆ ಫೂಲ್’. ೧೯೫೯ರಲ್ಲಿ ಬಂದ ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರು ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ಕಲಿತು ೧೯೪೬ರಲ್ಲಿ ಡಿಪ್ಲೊಮಾ ಪಡೆದವರು.

ಈ ಚಿತ್ರದಲ್ಲಿ ಬರಿದಾದ ದೊಡ್ಡ ಸ್ಟುಡಿಯೋ ಒಂದರ ಕತ್ತಲಲ್ಲಿ, ಮೇಲಿನಿಂದ ಓರೆಯಾಗಿ ಇಳಿದುಬರುವ ಬೆಳಕಿನ ಕಂಬವೊಂದರ ಬಳಿ, ಒಂದಾಗಲಾರದ ಇಬ್ಬರು ಪ್ರೇಮಿಗಳು ನಿಂತಿರುತ್ತಾರೆ. ಆ ಕಂಬ ಅಂಚಿನಿಂದ ಅಂಚಿಗೆ ಸಮಾನಾಂತರವಾಗಿ ಇರಬೇಕಿತ್ತು. ವಿದ್ಯುದ್ದೀಪದಿಂದ ಇದು ಸುಲಭಸಾಧ್ಯವಲ್ಲ. ಹತ್ತಿರದ ದೀಪದಿಂದ ಹೊರಟ ಕಿರಣಗಳು ಬೀಸಣಿಗೆಯಂತೆ ಹರಡುತ್ತವೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಸೂರ್ಯನಾದರೋ ಸುಮಾರು ೧೫ ಕೋಟಿ ಕಿಲೋಮೀಟರು ದೂರದಲ್ಲಿದ್ದಾನೆ. ಅವನ ಬಿಂಬ ನಮಗೆ ಅರ್ಧ ಡಿಗ್ರಿಯಷ್ಟು ಮಾತ್ರ ಕಾಣುವುದರಿಂದ ಅವನ ಕಿರಣಗಳು ಬಹುಮಟ್ಟಿಗೆ ಸಮಾನಾಂತರವಾಗಿವೆ. ಹತ್ತು ಮೀಟರು ಸಾಗಿದರೂ ಅಂಥ ಕಿರಣಸ್ತಂಭ ಅಗಲವಾಗುವುದು ಸುಮಾರು ೯ ಸೆಂಟಿಮೀಟರು ಮಾತ್ರ.

ಮೂರ್ತಿ ಅವರು ಮಾಡಿದುದಿಷ್ಟೇ: ಎರಡು ದೊಡ್ಡ ಕನ್ನಡಿಗಳನ್ನು ತರಿಸಿ, ಒಂದರಿಂದ ಹೊರಗಿನ ಬಿಸಿಲನ್ನು ಹಿಡಿದು, ಇನ್ನೊಂದರಿಂದ ಅದನ್ನು ಸ್ಟುಡಿಯೋದ ಕತ್ತಲೊಳಕ್ಕೆ ಇಳಿಸಿದರು. ಪತನಕೋನವೂ ಪ್ರತಿಫಲನಕೋನವೂ ಸಮವೆಂಬ ನಿಯಮವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಬೆಳಕಿನ ಕಂಬ ಕಣ್ಣಿಗೆ ಕಾಣಬೇಕಾದರೆ ಮಾತ್ರ ಇನ್ನೊಂದು ವಸ್ತು ಬೇಕು. ಶುದ್ಧವಾದ ಗಾಳಿಯಲ್ಲಿ ಪಕ್ಕದಿಂದ ನೋಡುವವನಿಗೆ ಕಿರಣ ಕಾಣುವುದಿಲ್ಲ. ಗಾಳಿಯಲ್ಲಿ ತೇಲುವ ಧೂಳಿನ ಅಥವಾ ಹೊಗೆಯ ಕಣಗಳು ಬೆಳಕನ್ನು ನಮ್ಮ ಕಡೆಗೆ ಚೆದರಿಸಿದಾಗಲೇ ಅದು ಗೋಚರಿಸುತ್ತದೆ. ಮನೆಯ ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲನ್ನು ಕಂಡವರಿಗೆ ಇದು ಹೊಸದಲ್ಲ.

ಸಿನಿಮಾಸ್ಕೋಪಿನ ತತ್ತ್ವವೂ ಸ್ವಾರಸ್ಯವಾದುದು. ಉರುಳೆಯ ಆಕಾರದ ಮೇಲ್ಮೈಯುಳ್ಳ ಮಸೂರಗಳು ಚಿತ್ರವನ್ನು ಅಗಲದಲ್ಲಿ ಮಾತ್ರ ಅರ್ಧಕ್ಕೆ ಕುಗ್ಗಿಸಿ ಫಿಲ್ಮಿನ ಮೇಲೆ ಮೂಡಿಸುತ್ತವೆ. ಪ್ರದರ್ಶನದ ಯಂತ್ರದಲ್ಲಿರುವ ಅಂಥವೇ ಮಸೂರಗಳು ಅದನ್ನು ಮತ್ತೆ ಹಿಗ್ಗಿಸುತ್ತವೆ. ಫ್ರಾನ್ಸಿನ ಆನ್ರಿ ಕ್ರೆತಿಯಾನ್ ೧೯೨೦ರ ದಶಕದಲ್ಲಿಯೇ ಇಂಥ ಮಸೂರವನ್ನು ರೂಪಿಸಿದ್ದರೂ ಚಿತ್ರೋದ್ಯಮ ಅದನ್ನು ಸಿನಿಮಾಸ್ಕೋಪ್ ಎಂಬ ಹೆಸರಿನಲ್ಲಿ ಕೈಗೆತ್ತಿಕೊಂಡದ್ದು ೧೯೫೩ರಲ್ಲಿ. ಆ ವಿಶಾಲವಾದ ತೆರೆಯನ್ನು ಇತರರು ಜನಜಂಗುಳಿಯಿಂದ ತುಂಬಿದರೆ, ಗುರುದತ್ ಮತ್ತು ಮೂರ್ತಿ ಅದನ್ನು ಬರಿದಾಗಿ ಬಿಟ್ಟು ಇಬ್ಬರ ನಡುವಿನ ದೂರವನ್ನು ತೋರಿಸಿದರು. ಚಿತ್ರ ಆ ಕಾಲದಲ್ಲಿ ಹಣ ಗಳಿಸಲಿಲ್ಲ. ಗುರುದತ್ ತಮ್ಮ ಹೆಸರಿನಲ್ಲಿ ಮತ್ತೆ ಯಾವ ಚಿತ್ರವನ್ನೂ ನಿರ್ದೇಶಿಸಲಿಲ್ಲ. ಆದರೆ ಆ ಬೆಳಕಿನ ಕಂಬ ಉಳಿಯಿತು. ೨೦೦೮ನೆಯ ವರ್ಷದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು. ೨೦೧೪ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು.

ಮರೀಚಿಕೆಯೊಳಗಿನ ಸವಾರ

ಡೇವಿಡ್ ಲೀನ್ ನಿರ್ದೇಶಿಸಿದ ‘ಲಾರೆನ್ಸ್ ಆಫ್ ಅರೇಬಿಯಾ’ ೧೯೬೨ರಲ್ಲಿ ಹೊರಬಂದಿತು. ಅದರ ಛಾಯಾಗ್ರಾಹಕ ಫ್ರೆಡ್ಡಿ ಯಂಗ್. ವಾಡಿಕೆಯ ೩೫ ಮಿಲಿಮೀಟರಿನ ಫಿಲ್ಮಿಗೆ ಬದಲು ಇಲ್ಲಿ ೬೫ ಮಿಲಿಮೀಟರು ಅಗಲದ ಫಿಲ್ಮನ್ನು ಬಳಸಿದರು. ಅದರ ಒಂದೊಂದು ಚಿತ್ರದ ವಿಸ್ತೀರ್ಣ ವಾಡಿಕೆಯದರ ಮೂರರಷ್ಟಕ್ಕೂ ಹೆಚ್ಚು ಇರುವುದರಿಂದ ತೆರೆಯ ಮೇಲೆ ಅದನ್ನು ಕಡಮೆ ಹಿಗ್ಗಿಸಿದರೆ ಸಾಕು. ಮರಳಿನ ಕಣಕಣವೂ ಸ್ಪಷ್ಟವಾಗಿ ಉಳಿಯುತ್ತದೆ.

ಇದರಲ್ಲಿ ಜೋರ್ಡಾನ್ ದೇಶದ ಮರುಭೂಮಿಯಲ್ಲಿ ತೆಗೆದ ಒಂದು ಪ್ರಸಿದ್ಧ ದೃಶ್ಯವಿದೆ. ದಿಗಂತದಲ್ಲಿ ನಡುಗುವ ಚುಕ್ಕೆಯೊಂದು ನೀರಿನ ಮೇಲೆ ತೇಲುವಂತೆ ಬರುತ್ತ ಬರುತ್ತ ಕರಿಯ ಉಡುಪಿನ ಒಂಟೆ ಸವಾರನಾಗುತ್ತದೆ. ಅಲ್ಲಿ ನೀರಿಲ್ಲ. ನೆಲಕ್ಕೆ ತಾಗಿದ ಗಾಳಿ ಕಾದು ವಿರಳವಾಗಿ, ಅದರ ವಕ್ರೀಭವನಾಂಕ ಮೇಲಿನ ಗಾಳಿಯದಕ್ಕಿಂತ ತುಸು ಕಡಮೆಯಾಗುತ್ತದೆ. ಆಕಾಶದಿಂದ ಓರೆಯಾಗಿ ಇಳಿದ ಬೆಳಕು ನೆಲವನ್ನು ಮುಟ್ಟುವ ಮೊದಲೇ ಬಾಗಿ ಮೇಲಕ್ಕೇಳುತ್ತದೆ. ನಮ್ಮ ಕಣ್ಣು ಅದು ನೆಲದಿಂದಲೇ ಬಂದುದೆಂದು ತಿಳಿದು, ಅಲ್ಲಿ ನೀರನ್ನು ಕಾಣುತ್ತದೆ.

ಮರೀಚಿಕೆ ತೋರುವುದು ಬಹು ದೂರದಲ್ಲಿ, ನೆಲಕ್ಕೆ ಸಮೀಪವಾದ ಸಣ್ಣ ಕೋನದಲ್ಲಿ ಮಾತ್ರ. ಅದನ್ನು ತೆರೆಯ ತುಂಬ ಹಿಗ್ಗಿಸಲು ೪೮೨ ಮಿಲಿಮೀಟರು ನಾಭಿದೂರದ ಮಸೂರವನ್ನು ಉಪಯೋಗಿಸಿದರು. ಆ ಮಸೂರ ಒಳಗೊಳ್ಳುವ ದೃಶ್ಯದ ಅಗಲ ಆರು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಬಿಂಬದ ಗಾತ್ರ ದೂರಕ್ಕೆ ವಿಲೋಮವಾಗಿರುವುದರಿಂದ, ಸಾವಿರ ಮೀಟರಿನಿಂದ ಒಂಬೈನೂರು ಮೀಟರಿಗೆ ಬಂದ ಸವಾರನ ಬಿಂಬ ಬೆಳೆಯುವುದು ನೂರಕ್ಕೆ ಹನ್ನೊಂದರಷ್ಟು ಮಾತ್ರ. ಅವನು ಸವಾರಿ ಮಾಡುತ್ತಲೇ ಇರುತ್ತಾನೆ, ಆದರೂ ಹತ್ತಿರವಾಗುವುದಿಲ್ಲ. ಬರುವವನು ಮಿತ್ರನೋ ಶತ್ರುವೋ ಎಂದು ಬಾವಿಯ ಬಳಿ ನಿಂತವರು ಅನುಭವಿಸುವ ತಳಮಳವನ್ನು ಈ ವಿಲೋಮ ನಿಯಮವೇ ಪ್ರೇಕ್ಷಕನಿಗೂ ಉಂಟುಮಾಡುತ್ತದೆ.

ಮುಸ್ಸಂಜೆಯ ಇಪ್ಪತ್ತು ನಿಮಿಷ

ಟೆರೆನ್ಸ್ ಮ್ಯಾಲಿಕ್ ನಿರ್ದೇಶಿಸಿದ ‘ಡೇಸ್ ಆಫ್ ಹೆವನ್’ ೧೯೭೮ರಲ್ಲಿ ತೆರೆಕಂಡಿತು. ಕಥೆ ಅಮೆರಿಕದ ಟೆಕ್ಸಾಸಿನ ಗೋಧಿ ಹೊಲಗಳದು. ಚಿತ್ರಿಸಿದುದು ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ. ಛಾಯಾಗ್ರಾಹಕ ನೆಸ್ಟರ್ ಅಲ್ಮೆಂಡ್ರೋಸ್ ಇದರ ಅನೇಕ ದೃಶ್ಯಗಳನ್ನು ಸೂರ್ಯ ಮುಳುಗಿದ ಮೇಲೆ, ಕತ್ತಲು ಕವಿಯುವ ಮುನ್ನ, ಉಳಿದಿರುವ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಚಿತ್ರಿಸಿದರು. ದಿನವೆಲ್ಲ ಸಿದ್ಧತೆ, ಸಂಜೆ ಗಳಿಗೆಯಷ್ಟು ಕೆಲಸ.

ಆಗ ಸೂರ್ಯನಿಲ್ಲ, ನೆರಳಿಲ್ಲ. ಇಡೀ ಆಕಾಶವೇ ದೀಪ. ಗಾಳಿಯ ಅಣುಗಳು ಬೆಳಕನ್ನು ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಚೆದರಿಸುತ್ತವೆ. ಆದುದರಿಂದ ನೀಲಿ ಬೆಳಕು ಕೆಂಪಿನ ನಾಲ್ಕರಷ್ಟಕ್ಕೂ ಹೆಚ್ಚು ಚೆದರುತ್ತದೆ. ದಿಗಂತದಲ್ಲಿ ದೀರ್ಘ ದಾರಿಯನ್ನು ಸಾಗಿಬಂದ ಬೆಳಕಿನಲ್ಲಿ ನೀಲಿ ಕಳೆದು ಕೆಂಪು ಉಳಿಯುತ್ತದೆ. ನಡುನೆತ್ತಿಯ ಆಕಾಶ ಮುಸ್ಸಂಜೆಯಲ್ಲಿಯೂ ಕಡುನೀಲಿಯಾಗಿ ಇರುವುದಕ್ಕೆ ಮೇಲಿನ ವಾಯುಮಂಡಲದ ಓಝೋನ್ ಕಿತ್ತಳೆ ಬಣ್ಣವನ್ನು ಹೀರಿಕೊಳ್ಳುವುದೂ ಮುಖ್ಯ ಕಾರಣವಾಗಿದೆ.

ಈ ಸಮಯ ಎಲ್ಲೆಡೆಯೂ ಸಮಾನವಲ್ಲ. ಕರ್ನಾಟಕದಲ್ಲಿ ಸೂರ್ಯ ಕಡಿದಾಗಿ ಮುಳುಗುವುದರಿಂದ ಸಂಜೆಬೆಳಕು ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ತೀರುತ್ತದೆ. ಆಲ್ಬರ್ಟಾದ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಅದು ಅರ್ಧ ಗಂಟೆಗೂ ಮೀರುತ್ತದೆ. ಸಂಜೆ ಬಯಲಿನಲ್ಲಿ ನಿಂತು ಗಡಿಯಾರ ಹಿಡಿದು ನೋಡಿದರೆ, ಪುಸ್ತಕವೊಂದರ ಅಕ್ಷರಗಳು ಯಾವ ನಿಮಿಷದಲ್ಲಿ ಮಾಯವಾಗುತ್ತವೆ ಎಂಬುದನ್ನು ಯಾರು ಬೇಕಾದರೂ ಅಳೆಯಬಹುದು.

ಹಿಡಿದ ಬೆಳಕನ್ನು ಉಳಿಸುವುದು

ಇಷ್ಟು ಶ್ರಮದಿಂದ ಹಿಡಿದ ಬೆಳಕು ಶಾಶ್ವತವೆಂದು ತಿಳಿಯಬಾರದು. ಹಿಂದಿನ ಫಿಲ್ಮುಗಳನ್ನು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡುತ್ತಿದ್ದರು. ಅದು ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರು ಹೊಯ್ದರೂ ಆರುವುದಿಲ್ಲ. ೧೯೫೦ರ ದಶಕದಿಂದ ಅದರ ಸ್ಥಾನವನ್ನು ಪಡೆದ ಅಸಿಟೇಟ್ ಫಿಲ್ಮು ಸುಲಭವಾಗಿ ಉರಿಯುವುದಿಲ್ಲ. ಆದರೆ ಸೆಕೆ ಮತ್ತು ತೇವಗಳಲ್ಲಿ ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಹಳೆಯ ಡಬ್ಬಿಯನ್ನು ತೆರೆದಾಗ ಮೂಗಿಗೆ ಬಡಿಯುವ ಹುಳಿ ವಾಸನೆ ಚಿತ್ರವೊಂದು ಸಾಯುತ್ತಿರುವುದರ ಸೂಚನೆ. ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಇಂದು ನೋಡಲು ಸಿಕ್ಕುವುದಿಲ್ಲ. ಅದರ ಬೆಳಕು ನಮ್ಮ ಪಾಲಿಗೆ ಆರಿಹೋಗಿದೆ.

‘ಅಪರಾಜಿತೋ’ ಚಿತ್ರಕ್ಕೂ ಅದೇ ಗತಿ ಬರುವುದರಲ್ಲಿತ್ತು. ೧೯೯೩ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಎದ್ದ ಬೆಂಕಿಯಲ್ಲಿ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಮೂಲ ನೆಗೆಟಿವುಗಳು ಸುಟ್ಟುಹೋದುವು. ಅಳಿದುಳಿದ ಸುಟ್ಟ ಸುರುಳಿಗಳನ್ನು ಬಿಸಾಡದೆ ಅಮೆರಿಕದಲ್ಲಿ ಜೋಪಾನವಾಗಿ ಇಟ್ಟಿದ್ದರು. ಇಪ್ಪತ್ತು ವರ್ಷಗಳ ಅನಂತರ ಇಟಲಿಯ ಬೊಲೋನ್ಯ ನಗರದ ಕುಶಲಿಗಳು ಒಣಗಿ ಮುರಿಯುತ್ತಿದ್ದ ಆ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ಕರಗಿ ಅಂಟಿಕೊಂಡಿದ್ದುದನ್ನು ಕೈಯಿಂದ ಬಿಡಿಸಿ, ಒಂದೊಂದಾಗಿ ಚಿತ್ರಗಳನ್ನು ಉಳಿಸಿದರು. ‘ಪಥೇರ್ ಪಾಂಚಾಲಿ’ಯ ನೂರಕ್ಕೆ ೪೦ ಭಾಗವೂ ‘ಅಪರಾಜಿತೋ’ದ ೬೦ಕ್ಕೂ ಹೆಚ್ಚು ಭಾಗವೂ ಮೂಲ ನೆಗೆಟಿವಿನಿಂದಲೇ ದೊರೆತವು, ಉಳಿದುದನ್ನು ಬೇರೆಡೆ ಇದ್ದ ಪ್ರತಿಗಳಿಂದ ತುಂಬಿಸಿಕೊಂಡರು. ೨೦೧೫ರಲ್ಲಿ ಆ ಚಿತ್ರಗಳು ಮತ್ತೆ ತೆರೆಗೆ ಬಂದುವು. ಬಿಳಿಯ ಬಟ್ಟೆಯಿಂದ ಪುಟಿದು ಅಂಗಳಕ್ಕೆ ಇಳಿದ ಬೆಳಕನ್ನು ನಾವು ಇಂದು ನೋಡಬಹುದು.

ಇಂದು ಹೆಚ್ಚಿನ ಚಿತ್ರಗಳು ಫಿಲ್ಮಿನ ಮೇಲಲ್ಲ, ವಿದ್ಯುನ್ಮಾನ ಫಲಕದ ಮೇಲೆ ಮೂಡುತ್ತವೆ. ವಿದ್ಯಾರ್ಥಿಯ ಕಿಸೆಯಲ್ಲಿರುವ ದೂರವಾಣಿಯಲ್ಲಿಯೂ ಕ್ಯಾಮರಾ ಉಂಟು. ಯಂತ್ರ ಬದಲಾಯಿತು, ರಂಧ್ರ, ಪ್ರತಿಫಲನ, ವಕ್ರೀಭವನ, ಚೆದರುವಿಕೆ ಇವುಗಳ ನಿಯಮ ಬದಲಾಗಲಿಲ್ಲ. ಒಂದು ಬಿಳಿಯ ಪಂಚೆ, ಒಂದು ಕನ್ನಡಿ, ಸಂಜೆಯ ಇಪ್ಪತ್ತು ನಿಮಿಷ ಇವು ಯಾರಿಗೂ ದುರ್ಲಭವಲ್ಲ. ಮುಂದಿನ ಸಲ ಒಂದು ಒಳ್ಳೆಯ ಚಿತ್ರವನ್ನು ನೋಡುವಾಗ, ಮುಖದ ಮೇಲೆ ಬಿದ್ದಿರುವ ಈ ಬೆಳಕು ಎಲ್ಲಿಂದ ಬಂದಿತು ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು. ಚಿತ್ರವೂ ಹೊಸದಾಗಿ ಕಾಣುತ್ತದೆ, ಭೌತವಿಜ್ಞಾನವೂ ಹೊಸದಾಗಿ ಕಾಣುತ್ತದೆ.